ನಮ್ಮವರ ವಿರುದ್ಧವಾದರೂ ಸರಿ, ಸಾಕ್ಷಿ ಸತ್ಯವಾಗಿರಲಿ



ಸಾಕ್ಷಿ ನುಡಿಯುವಾಗ ಅದು ಸ್ವತಃ ನಮಗೆ, ನಮ್ಮ ತಂದೆತಾಯಿಗೆ ಅಥವಾ ಬಂಧುಗಳಿಗೆ ವಿರುದ್ಧವಾಗಿದ್ದರೂ ನ್ಯಾಯದ ಪರ ನಿಲ್ಲಬೇಕೆಂದು ಅಲ್ಲಾಹನು ಅನ್ನಿಸಾ ಅಧ್ಯಾಯದಲ್ಲಿ ಆಜ್ಞಾಪಿಸಿದ್ದಾನೆ. ಒಂದು ಜನಾಂಗದ ಮೇಲಿನ ದ್ವೇಷ ನಮ್ಮನ್ನು ಅನ್ಯಾಯಕ್ಕೆ ತಳ್ಳಬಾರದೆಂದು ಅಲ್ ಮಾಇದಃ ಅಧ್ಯಾಯದಲ್ಲಿ ಎಚ್ಚರಿಸಿದ್ದಾನೆ. ಈ ಆಜ್ಞೆಗಳ ಭಾರ ಎಷ್ಟೆಂದು ತಿಳಿಯಲು ಇಂದು ಬೋಸ್ನಿಯಾದ ಸ್ರೆಬ್ರೆನಿಕಾ ಪಟ್ಟಣವನ್ನು ನೆನೆಯೋಣ.

ಯುಗೊಸ್ಲಾವಿಯಾ ಒಡೆದು ಯುದ್ಧ ನಡೆಯುತ್ತಿದ್ದ ಕಾಲ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು 1993ರಲ್ಲಿ ಈ ಪಟ್ಟಣವನ್ನು ಸುರಕ್ಷಿತ ಪ್ರದೇಶವೆಂದು ಘೋಷಿಸಿತ್ತು. ಕಾವಲಿಗೆ ಡಚ್ ಶಾಂತಿಪಾಲಕರಿದ್ದರು. ಆದರೂ 1995ರ ಜುಲೈ 11ರಂದು ರಾತ್ಕೊ ಮ್ಲಾದಿಚ್‌ನ ಬೋಸ್ನಿಯನ್ ಸರ್ಬ್ ಸೇನೆ ಅದನ್ನು ವಶಪಡಿಸಿಕೊಂಡಿತು. ಕೆಲವೇ ದಿನಗಳಲ್ಲಿ ಸುಮಾರು 8,000 ಮುಸ್ಲಿಮ್ ಪುರುಷರನ್ನೂ ಬಾಲಕರನ್ನೂ ಕೊಲ್ಲಲಾಯಿತು. ಬಳಿಕ ಸಾಮೂಹಿಕ ಗುಂಡಿಗಳನ್ನು ಯಂತ್ರಗಳಿಂದ ಅಗೆದು, ಶವಗಳನ್ನು ಬೇರೆಡೆ ಹೂತು ಸಾಕ್ಷ್ಯ ಅಳಿಸಲು ಯತ್ನಿಸಲಾಯಿತು.

ಸಾಕ್ಷ್ಯ ಅಳಿಯಲಿಲ್ಲ. ಭದ್ರತಾ ಮಂಡಳಿ ಹೇಗ್ ನಗರದಲ್ಲಿ ಸ್ಥಾಪಿಸಿದ್ದ ಅಂತಾರಾಷ್ಟ್ರೀಯ ಅಪರಾಧ ನ್ಯಾಯಮಂಡಳಿಯ ಮುಂದೆ ಬದುಕುಳಿದವರು ಬಂದು ನುಡಿದರು. ಗುಂಡಿಗಳ ಮಣ್ಣು, ಸತ್ತವರ ಕಣ್ಣಿಗೆ ಕಟ್ಟಿದ್ದ ಬಟ್ಟೆ ಕೂಡಾ ಸಾಕ್ಷಿಯಾದವು. ಮನೆಯವರು ಕೊಟ್ಟ ರಕ್ತದ ಮಾದರಿಯಿಂದ ಡಿಎನ್‌ಎ ಪರೀಕ್ಷೆ ನಡೆದು ಸಾವಿರಾರು ಮಂದಿಯ ಗುರುತು ಸಿಕ್ಕಿತು. ಕೊಂದವರ ಗುಂಪಿನಿಂದಲೂ ಒಬ್ಬ ಸಾಕ್ಷಿ ಬಂದ. ಬಂಧಿತರ ಮೇಲೆ ತಾನೂ ಗುಂಡು ಹಾರಿಸಿದ್ದೆನೆಂದು ದ್ರಾಜೆನ್ ಎರ್ದೆಮೊವಿಚ್ ಎಂಬ ಸೈನಿಕ 1996ರಲ್ಲಿ ತಪ್ಪೊಪ್ಪಿಕೊಂಡು ಶಿಕ್ಷೆ ಅನುಭವಿಸಿದ. ತನ್ನದೇ ಸೇನೆಯ ಅಧಿಕಾರಿಗಳ ವಿರುದ್ಧ ಸಾಕ್ಷಿ ನುಡಿದ.

ಅಲ್ಲಿ ನಡೆದದ್ದು ಜನಾಂಗಹತ್ಯೆ ಎಂದು 2001ರಲ್ಲಿ ತೀರ್ಪು ಬಂತು. ವರ್ಷಗಟ್ಟಲೆ ಅಡಗಿದ್ದ ಮ್ಲಾದಿಚ್ 2011ರಲ್ಲಿ ಸಿಕ್ಕಿಬಿದ್ದ. 2017ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. 2021ರಲ್ಲಿ ಮೇಲ್ಮನವಿಯೂ ತಿರಸ್ಕೃತವಾಯಿತು.

ಸಹೋದರರೇ, ಇಷ್ಟು ಕೇಳಿ ನಮ್ಮ ಮನಸ್ಸಿಗೆ ಸಮಾಧಾನವಾಗುತ್ತದೆ. ಆದರೆ ಇನ್ನೊಂದು ತೀರ್ಪನ್ನೂ ಕೇಳಬೇಕು. ಚೆಲೆಬಿಚಿ ಶಿಬಿರದಲ್ಲಿ ಸರ್ಬ್ ಕೈದಿಗಳನ್ನು ಹಿಂಸಿಸಿ ಕೊಂದದ್ದಕ್ಕಾಗಿ ಇದೇ ನ್ಯಾಯಮಂಡಳಿ 1998ರಲ್ಲಿ ಬೋಸ್ನಿಯನ್ ಮುಸ್ಲಿಮರಿಗೂ ಶಿಕ್ಷೆ ವಿಧಿಸಿತು. ಮ್ಲಾದಿಚ್‌ನ ತೀರ್ಪಿಗೆ ಅಲ್‌ಹಮ್ದುಲಿಲ್ಲಾಹ್ ಎಂದ ನಾಲಗೆ ಇಲ್ಲಿ ತಡವರಿಸಿದರೆ, ನಾವು ಬೇಡಿದ್ದು ನ್ಯಾಯವೋ ಬರೀ ಗೆಲುವೋ ಎಂದು ನಮ್ಮನ್ನೇ ಕೇಳಿಕೊಳ್ಳಬೇಕು. ಆ ಕೈದಿಗಳಿಗೂ ತಾಯಂದಿರಿದ್ದರು.

ಲೋಕದ ನ್ಯಾಯಾಲಯಗಳು ಅಪೂರ್ಣ, ನಿಜ. ಭದ್ರತಾ ಮಂಡಳಿಯಲ್ಲಿ 5 ರಾಷ್ಟ್ರಗಳಿಗೆ ವಿಟೋ ಅಧಿಕಾರವಿದೆ. ಬಲಾಢ್ಯರು ಹಲವು ಬಾರಿ ತಪ್ಪಿಸಿಕೊಳ್ಳುತ್ತಾರೆ. ಅಂಥವರ ಲೆಕ್ಕ ಅಂತ್ಯದಿನದಲ್ಲಿ ಚುಕ್ತಾ ಆಗುವುದೆಂಬ ನಂಬಿಕೆ ನಮ್ಮದು. ಆದರೆ ಆ ನಂಬಿಕೆ ಇಲ್ಲಿ ಮೌನವಾಗಿರಲು ನೆಪವಾಗಬಾರದು.

ಸಾಕ್ಷಿ ಹೇಳಲು ಹೇಗ್‌ಗೇ ಹೋಗಬೇಕಾಗಿಲ್ಲ. ಅಣ್ಣಂದಿರು ತಂಗಿಯ ಆಸ್ತಿಪಾಲು ನುಂಗುವಾಗ, ಜಮಾಅತ್‌ನಲ್ಲಿ ಸೊಸೆಯ ದೂರು ಬಂದಾಗ, ನಮ್ಮ ಹುಡುಗನೇ ನೆರೆಯವನ ಮೇಲೆ ಕೈ ಮಾಡಿದಾಗ ಕಂಡದ್ದನ್ನು ಕಂಡಂತೆ ಹೇಳೋಣ. ಮೊಬೈಲ್‌ಗೆ ಬಂದ ವೀಡಿಯೊವನ್ನು ಪರಿಶೀಲಿಸದೆ ಹಂಚುವುದೂ ಸುಳ್ಳಿಗೆ ಸಾಕ್ಷಿಯಾದಂತೆ. ಅದರಿಂದ ಕೊನೆಗೆ ನಷ್ಟವಾಗುವುದು ನಿಜವಾದ ಮರ್ದಿತರಿಗೇ.

ನಮ್ಮವರು, ಪರರು ಎಂಬ ಭೇದವಿಲ್ಲದೆ ನ್ಯಾಯದ ಪರ ನಿಲ್ಲುವ ಧೈರ್ಯವನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.