ಕೀಡೆಯ ಪೊರೆ ಮತ್ತು ಹಾರ್ಮೋನಿನ ಕೀಲಿ
(ಶಿರಗುಪ್ಪಿಯ ರೈತರಿಗಾಗಿ ಸಿದ್ಧಪಡಿಸಿದ ಭಾಷಣ)



ಶಿರಗುಪ್ಪಿಯ ಎರೆ ಹೊಲಗಳಲ್ಲಿ ಹಿಂಗಾರಿ ಕಡಲೆ ಹೂವಾಡುವಾಗ ಕಾಯಿಕೊರಕದ ಕಾಟ ಶುರುವಾಗುತ್ತದೆ. ಈ ಕೀಡೆ ಬೆಳೆಯಬೇಕಾದರೆ ಹಲವು ಸಲ ಪೊರೆ ಕಳಚಲೇಬೇಕು. ಅದಕ್ಕೆ ಅಪ್ಪಣೆ ಕೊಡುವುದು ಎಕ್ಡೈಸೋನ್ ಎಂಬ ಹಾರ್ಮೋನು. 1954ರಲ್ಲಿ ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್‌ಸನ್ 500 ಕಿಲೋ ರೇಷ್ಮೆಹುಳುವಿನ ಕೋಶಗಳಿಂದ ಇದನ್ನು ಬೇರ್ಪಡಿಸಿದರು. ಸಿಕ್ಕಿದ್ದು 25 ಮಿಲಿಗ್ರಾಂ ಮಾತ್ರ.

ಹಾರ್ಮೋನು ಕೀಲಿಯಾದರೆ ಜೀವಕೋಶದ ಗ್ರಾಹಕವೇ ಬೀಗ. ಮೆಥಾಕ್ಸಿಫೆನೊಜೈಡ್‌ನಂಥ ಔಷಧಿ ಕಳ್ಳಕೀಲಿಯಂತೆ ಆ ಬೀಗದಲ್ಲಿ ಕೂಡುತ್ತದೆ. ಕೀಡೆ ಅಕಾಲದಲ್ಲಿ ಪೊರೆ ಬಿಡತೊಡಗಿ, ಮೇಯುವುದನ್ನು ನಿಲ್ಲಿಸಿ, ಪೂರ್ತಿ ಕಳಚಲಾಗದೆ ಸಾಯುತ್ತದೆ. ಪತಂಗ ಜಾತಿಯ ಬೀಗಕ್ಕೇ ಇದು ಚೆನ್ನಾಗಿ ಹೊಂದುವುದರಿಂದ ಜೇನುನೊಣ, ಗುಲಗಂಜಿ ಹುಳುಗಳಿಗೆ ಅಪಾಯ ಕಡಿಮೆ. ಆದರೆ ರೇಷ್ಮೆಹುಳುವೂ ಪತಂಗ ಜಾತಿಯದೇ. ಹಿಪ್ಪುನೇರಳೆಯ ಹತ್ತಿರ ಇದು ಸಲ್ಲದು. ಲೇಬಲ್ಲಿನಲ್ಲಿ ನಿಮ್ಮ ಬೆಳೆಯ ಹೆಸರಿದ್ದರೆ ಮಾತ್ರ ಕೊಳ್ಳಿರಿ.

ಬೇವಿನ ಬೀಜದ ಅಜಾಡಿರಾಕ್ಟಿನ್ ಹಾರ್ಮೋನಿನ ಬಿಡುಗಡೆಗೇ ಅಡ್ಡಿ ಮಾಡುತ್ತದೆ. 5 ಕಿಲೋ ಬೇವಿನ ಬೀಜದ ತಿರುಳನ್ನು ಪುಡಿಮಾಡಿ, ರಾತ್ರಿ ನೆನೆಯಿಟ್ಟು, ಸೋಸಿ, ನೀರು ಬೆರೆಸಿ 100 ಲೀಟರ್ ದ್ರಾವಣ ಮಾಡಿ ಸಂಜೆ ಸಿಂಪಡಿಸಿರಿ.

ಯಾವುದೇ ಇರಲಿ, ಮರಿಕೀಡೆ ಕಂಡಾಗಲೇ ಹೊಡೆಯಬೇಕು. ಬಲಿತ ಕೀಡೆ ಕಾಯಿ ಹೊಕ್ಕ ಮೇಲೆ ಹೆಚ್ಚು ಫಲವಿಲ್ಲ. ಆದ್ದರಿಂದ ಹೂವಿನ ಕಾಲದಲ್ಲಿ ಹೊಲ ತಿರುಗಿ ನೋಡುವುದನ್ನು ಮರೆಯದಿರಿ.