ಬೇರಿನ ಗಂಟು: ಮಿತ್ರ ಯಾವುದು, ಶತ್ರು ಯಾವುದು?

(ರಜತ ಮಹೋತ್ಸವದ ರೈತ ಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾವು ಸಂಘದಲ್ಲಿ ಸಾಲ ಎತ್ತುತೀವಿ, ಗೊಬ್ಬರ ತಗೋತೀವಿ, ಹೊಲಕ್ಕೆ ಹಾಕ್ತೀವಿ. ಮಣ್ಣಿನ ಮೇಲೆ ಕಾಣುವ ಪೈರನ್ನು ದಿನಾ ನೋಡ್ತೀವಿ. ಆದರೆ ಆ ಗೊಬ್ಬರವನ್ನು ಉಣ್ಣುವ ಬೇರನ್ನು ಕಿತ್ತು ನೋಡುವವರು ನಮ್ಮಲ್ಲಿ ಕಡಿಮೆ. ಆದ್ದರಿಂದ ಈ ದಿನ ಬೇರಿನ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ಹೂ ಬಿಡುವ ಕಾಲದಲ್ಲಿ ಒಂದು ಕಡಲೆಕಾಯಿ ಗಿಡವನ್ನು ಮೆಲ್ಲಗೆ ಅಗೆದು ತೆಗೆದು ನೋಡಿ. ಬೇರಿನ ಪಕ್ಕಕ್ಕೆ ಸಣ್ಣ ಗುಂಡು ಗಂಟುಗಳು ಅಂಟಿಕೊಂಡಿರುತ್ತವೆ. ಇದು ರೋಗವಲ್ಲ. ಅದರೊಳಗೆ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ವಾಸವಾಗಿದೆ. ಗಾಳಿಯಲ್ಲಿ ನೂರಕ್ಕೆ 78 ಭಾಗ ಸಾರಜನಕವೇ ಇದ್ದರೂ ಗಿಡ ಅದನ್ನು ನೇರವಾಗಿ ತೆಗೆದುಕೊಳ್ಳಲಾರದು. ಈ ಜೀವಿ ಅದನ್ನು ಹಿಡಿದು ಗಿಡಕ್ಕೆ ಒಗ್ಗುವಂತೆ ಮಾಡಿಕೊಡುತ್ತದೆ. ಪ್ರತಿಯಾಗಿ ಗಿಡ ಅದಕ್ಕೆ ಸಕ್ಕರೆ ಅಂಶ ಕೊಡುತ್ತದೆ. 1888ರಲ್ಲಿ ಹಾಲೆಂಡಿನ ಬೈಯರಿಂಕ್ ಎಂಬ ವಿಜ್ಞಾನಿ ಗಂಟಿನಿಂದ ಈ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ತೋರಿಸಿದರು. ಕೊಡೋದು, ತಗೊಳ್ಳೋದು ಎರಡೂ ಇರುವುದರಿಂದ ಇದೂ ಒಂದು ಸಹಕಾರ ಸಂಘವೇ ಸರಿ! ಸಾರಜನಕ ಗೊಬ್ಬರ ಅತಿಯಾದರೆ ಈ ಗಂಟು ಕಟ್ಟುವುದೇ ಕಡಿಮೆಯಾಗುತ್ತದೆ.

ಟೊಮೆಟೊ, ಬದನೆ, ಬೆಂಡೆಯ ಬೇರಿನಲ್ಲೂ ಗಂಟು ಬರ್ತದೆ. ಅದರ ಕಥೆಯೇ ಬೇರೆ. ಅದು ಜಂತುಹುಳುವಿನ ಕೆಲಸ. ನೆಮಟೋಡ್ ಅಂತಲೂ ಕರೀತಾರೆ. ಮರಿಯ ಉದ್ದ ಸುಮಾರು ಅರ್ಧ ಮಿಲಿಮೀಟರ್, ಬರಿಗಣ್ಣಿಗೆ ಕಾಣದು. ಬೇರಿನ ತುದಿಯಲ್ಲಿ ಒಳಹೊಕ್ಕು ಒಂದೇ ಕಡೆ ಕೂತು ರಸ ಹೀರುತ್ತದೆ. ಆ ಜಾಗದಲ್ಲಿ ಬೇರು ಊದಿಕೊಂಡು, ನೀರು ಮೇಲೇರುವ ದಾರಿ ಕೆಡುತ್ತದೆ. ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಬೆಚ್ಚನೆ ಮಣ್ಣಿನಲ್ಲಿ ಹೆಚ್ಚುಕಮ್ಮಿ ತಿಂಗಳಿಗೊಂದು ತಲೆಮಾರು. ಮಣ್ಣಲ್ಲಿ ತೇವ ಇದ್ದರೂ ಮಧ್ಯಾಹ್ನ ಗಿಡ ಬಾಡುತ್ತದೆ, ಎಲೆ ಹಳದಿಯಾಗುತ್ತದೆ. ಗೊಬ್ಬರ ಸಾಲದು ಅಂತ ಇನ್ನೊಂದು ಮೂಟೆ ಯೂರಿಯಾ ಸುರಿದರೆ ಏನು ಬಂತು? ಬಾಯಿಗೆ ಕುಕ್ಕೆ ಕಟ್ಟಿದ ಎತ್ತಿನ ಮುಂದೆ ಹುಲ್ಲು ಹಾಕಿದ ಹಾಗಾಯ್ತು. ಬೆಳೆಯೋದು ಸಾಲ ಮಾತ್ರ.

ಗುರುತು ಹಿಡಿಯುವುದು ಸುಲಭ. ಒಳ್ಳೆಯ ಗಂಟು ಉಗುರಿನಿಂದ ತಳ್ಳಿದರೆ ಬಿಡಿಸಿಕೊಂಡು ಬರ್ತದೆ. ಸೀಳಿದರೆ ಒಳಗೆ ನಸುಗೆಂಪು ಇದ್ದರೆ ಅದು ಕೆಲಸ ಮಾಡ್ತಾ ಇದೆ ಎಂದರ್ಥ. ಜಂತುಹುಳುವಿನ ಗಂಟು ಬೇರೇ ಊದಿಕೊಂಡದ್ದು, ಬೇರು ಮುರಿಯದೆ ಬಿಡಿಸಲು ಬಾರದು. ಅಲಸಂದೆಯಂಥ ಬೆಳೆಯಲ್ಲಿ ಎರಡೂ ಇರಬಹುದು, ನಿಧಾನವಾಗಿ ನೋಡಬೇಕು.

ಹಾಗಂತ ಎಲ್ಲ ಜಂತುಹುಳುವೂ ವೈರಿಯಲ್ಲ. ಬ್ಯಾಕ್ಟೀರಿಯಾವನ್ನೇ ತಿಂದು ಬದುಕುವ ಜಂತುಹುಳುಗಳಿವೆ. ತಿಂದು ಹೆಚ್ಚಾದ ಸಾರಜನಕವನ್ನು ಅವು ಮಣ್ಣಿಗೆ ಬಿಡುತ್ತವೆ, ಬೇರು ಅದನ್ನು ಉಣ್ಣುತ್ತದೆ. ಗಂಟು ಮಾಡುವ ಹುಳುವಿನ ಮೈಗೆ ಅಂಟಿ, ಅದು ಮೊಟ್ಟೆ ಇಡದಂತೆ ಮಾಡುವ ಬ್ಯಾಕ್ಟೀರಿಯಾವೂ ಮಣ್ಣಲ್ಲಿದೆ. ಇವೆಲ್ಲ ಬದುಕಬೇಕಾದರೆ ಕೊಟ್ಟಿಗೆ ಗೊಬ್ಬರ ಬೇಕು. ಕಂಡ ಕಂಡ ವಿಷ ಸುರಿದರೆ ಶತ್ರುವಿನ ಜೊತೆ ಮಿತ್ರನೂ ಸಾಯ್ತಾನೆ.

ಇನ್ನು ಮಾಡಬೇಕಾದದ್ದು. ರೈಜೋಬಿಯಂ ಪೊಟ್ಟಣದ ಮೇಲೆ ಬೆಳೆಯ ಹೆಸರು, ವಾಯಿದೆ ನೋಡಿ ತಗೊಳ್ಳಿ. ಬೆಲ್ಲದ ಅಂಟು ನೀರಿನಲ್ಲಿ ಬೀಜಕ್ಕೆ ಲೇಪಿಸಿ, ನೆರಳಲ್ಲಿ ಆರಿಸಿ, ಅಂದೇ ಬಿತ್ತಿ. ಅದು ಜೀವ ಇರುವ ಸರಕು, ಬಿಸಿಲು ತಾಗಬಾರದು. ಸಂಘದ ಗೋಡೌನಿನಲ್ಲೂ ತಗಡಿನ ಕೆಳಗೆ ಕಾಯದಂತೆ ತಂಪು ಜಾಗದಲ್ಲಿ ಇಡಬೇಕು. ಟೊಮೆಟೊ ಸಸಿ ಕೊಳ್ಳುವಾಗ ಎಲೆ ನೋಡಿದರೆ ಸಾಲದು, ನಾಲ್ಕು ಸಸಿಯ ಬೇರನ್ನೂ ನೋಡಿ. ಹುಳು ಬಿದ್ದ ಹೊಲಕ್ಕೆ ಬೇಸಿಗೆ ಉಳುಮೆ, ಬೇವಿನ ಹಿಂಡಿ, ಮುಂದಿನ ಬೆಳೆಯಾಗಿ ಚೆಂಡು ಹೂ ಒಳ್ಳೆಯದು. ಕಿತ್ತ ಗಂಟುಬೇರನ್ನು ಬದುವಿನ ಮೇಲೆ ಬಿಸಾಡದೆ ಸುಟ್ಟುಬಿಡಿ.

ಕೊನೆಯದಾಗಿ ಒಂದು ವಿನಂತಿ. ಗಿಡ ಬಾಡ್ತಾ ಇದೆ ಎಂದು ಔಷಧಿ ಕೇಳಲು ಬರುವಾಗ ಬರಿಗೈಲಿ ಬರಬೇಡಿ, ಬೇರು ಸಮೇತ ಎರಡು ಗಿಡ ತನ್ನಿ. ಮೊದಲು ಬೇರು ನೋಡೋಣ, ಆಮೇಲೆ ರಸೀದಿ ಬರೆಯೋಣ. ಸದಸ್ಯರ ದುಡ್ಡು ಉಳಿದರೆ ಸಂಘವೂ ಉಳೀತದೆ.