ಪೆಟ್ರೋಲಿಗೆ ಬೆರೆತ ಸೀಸ



ನೂರು ವರ್ಷಗಳ ಹಿಂದೆ ಕಾರು ತಯಾರಿಸುವವರ ದೊಡ್ಡ ತಲೆನೋವೆಂದರೆ ನಾಕಿಂಗ್. ಗಾಡಿ ಏರು ಹತ್ತುವಾಗ ಸಿಲಿಂಡರಿನೊಳಗೆ ಪೆಟ್ರೋಲ್ ಅಡ್ಡಾದಿಡ್ಡಿಯಾಗಿ ಸಿಡಿದು ಎಂಜಿನ್ ಟಕಟಕ ಬಡಿದುಕೊಳ್ಳುತ್ತಿತ್ತು. 1921ರ ಡಿಸೆಂಬರಿನಲ್ಲಿ ಜನರಲ್ ಮೋಟಾರ್ಸ್‌ನ ಥಾಮಸ್ ಮಿಜ್ಲಿ, ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ದ್ರವವನ್ನು ಚೂರೇ ಚೂರು ಬೆರೆಸಿದರು, ಬಡಿತ ನಿಂತಿತು. ಆಲ್ಕೊಹಾಲ್ ಬೆರೆಸಿದರೂ ನಿಲ್ಲುತ್ತಿತ್ತು, ಅದು ಅವರಿಗೆ ಗೊತ್ತೂ ಇತ್ತು. ಆದರೆ ಯಾರು ಬೇಕಾದರೂ ಬಟ್ಟಿ ಇಳಿಸಬಹುದಾದ ಪದಾರ್ಥಕ್ಕೆ ಪೇಟೆಂಟ್ ಎಲ್ಲಿಂದ ಬರಬೇಕು?

ಸೀಸ ವಿಷವೆಂಬುದು ರೋಮನ್ನರ ಕಾಲದ ತಿಳಿವಳಿಕೆ. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ಎಣ್ಣೆ ಶುದ್ಧೀಕರಣ ಘಟಕದಲ್ಲಿ ಈ ದ್ರವ ತಯಾರಿಸುತ್ತಿದ್ದವರಿಗೆ ಭ್ರಮೆ ಹಿಡಿಯಿತು. ಕೆಲವರನ್ನು ಕೈಕಟ್ಟಿಯೇ ಆಸ್ಪತ್ರೆಗೆ ಒಯ್ಯಬೇಕಾಯಿತು, ಐವರು ಸತ್ತರು. ಪತ್ರಿಕೆಗಳು 'ಹುಚ್ಚು ಗ್ಯಾಸ್' ಎಂದು ಬರೆದವು. ಅದೇ ತಿಂಗಳ 30ರಂದು ಮಿಜ್ಲಿ ಪತ್ರಕರ್ತರ ಎದುರು ಆ ದ್ರವದಲ್ಲಿ ಕೈ ತೊಳೆದು, ಒಂದು ನಿಮಿಷ ಅದರ ಆವಿ ಮೂಸಿ ತೋರಿಸಿದರು. ಹಿಂದಿನ ವರ್ಷವಷ್ಟೇ ಸೀಸದ ನಂಜೇರಿ, ಸುಧಾರಿಸಿಕೊಳ್ಳಲು ಫ್ಲಾರಿಡಾಕ್ಕೆ ಹೋಗಿದ್ದ ಮನುಷ್ಯ ಇವರೇ!

ಮರುವರ್ಷ ಸರ್ಕಾರ ಕರೆದ ಸಭೆಯಲ್ಲಿ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಕಟುವಾಗಿ ವಿರೋಧಿಸಿದರು. ನಿಷೇಧಕ್ಕೆ ಆಧಾರ ಸಾಲದು ಎಂದಿತು, ಆಮೇಲೆ ಸರ್ಕಾರ ನೇಮಿಸಿದ ಸಮಿತಿ. ಅಲ್ಲಿಂದಾಚೆಗೆ ಅಪಾಯವನ್ನು ಸಾಬೀತು ಮಾಡುವ ಹೊರೆ ಅನುಮಾನಪಟ್ಟವರ ತಲೆಗೇ ಬಿತ್ತು. ಸಂಶೋಧನೆಗೆ ಹಣ ಸುರಿಯುತ್ತಿದ್ದವರು ಮಾತ್ರ ಸೀಸ ಮಾರುವವರೇ. ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ!

ಗುಟ್ಟು ರಟ್ಟು ಮಾಡಿದವರು ಭೂಮಿಯ ವಯಸ್ಸು 455 ಕೋಟಿ ವರ್ಷವೆಂದು ಲೆಕ್ಕ ಹಾಕಿದ ಕ್ಲೇರ್ ಪ್ಯಾಟರ್‌ಸನ್. ಕಲ್ಲಿನಲ್ಲಿರುವ ಸೀಸ ಅಳೆಯಹೋದರೆ ಪ್ರಯೋಗಾಲಯದ ಗಾಳಿ, ಧೂಳು, ನೀರಿನಲ್ಲೆಲ್ಲ ಸೀಸವೇ. ಅದು ನಿಸರ್ಗದ್ದಲ್ಲ, ನಾವು ಹರಡಿದ್ದು ಎಂದು 1965ರಲ್ಲಿ ಬರೆದು ಕಂಪನಿಗಳ ಕೋಪಕ್ಕೆ ಗುರಿಯಾದರು. 1979ರಲ್ಲಿ ಹರ್ಬರ್ಟ್ ನೀಡಲ್‌ಮನ್ ಮಕ್ಕಳ ಉದುರಿದ ಹಾಲುಹಲ್ಲುಗಳನ್ನು ಪರೀಕ್ಷಿಸಿ, ಸೀಸ ಹೆಚ್ಚಿದ್ದ ಮಕ್ಕಳ ಬುದ್ಧಿಶಕ್ತಿ, ಏಕಾಗ್ರತೆ ಕುಗ್ಗಿದ್ದನ್ನು ತೋರಿಸಿದರು. ಮೈ ಸೀಸವನ್ನು ಕ್ಯಾಲ್ಸಿಯಂ ಎಂದೇ ಬಗೆದು ಮೂಳೆ, ಹಲ್ಲುಗಳಲ್ಲಿ ಕೂಡಿಡುತ್ತದೆ. ಬೆಳೆಯುವ ಮಿದುಳಿಗೆ ಅದರಿಂದಾಗುವ ಪೆಟ್ಟು ಮತ್ತೆ ಮಾಯುವಂಥದ್ದಲ್ಲ.

ನಮ್ಮಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳಿಗೆ ಸೀಸರಹಿತ ಪೆಟ್ರೋಲ್ ಬಂತು, 2000ದ ಫೆಬ್ರವರಿಯಲ್ಲಿ ಇಡೀ ದೇಶಕ್ಕೆ. ಬಂಕುಗಳಲ್ಲಿ ಸೀಸದ ಪೆಟ್ರೋಲ್ ಮಾರುವುದನ್ನು ಕೊನೆಯದಾಗಿ ಬಿಟ್ಟ ದೇಶ ಅಲ್ಜೀರಿಯ, 2021ರಲ್ಲಿ. ಸಣ್ಣ ಪಿಸ್ಟನ್ ವಿಮಾನಗಳ ಟ್ಯಾಂಕಿಗೆ ಅದನ್ನು ಇವತ್ತಿಗೂ ತುಂಬುತ್ತಿದ್ದಾರೆ.